ರಾಕೆಟ್ ಕೈಗೆ ಒಗ್ಗುತ್ತಿಲ್ಲವೇ? ತೂಕ, ಬ್ಯಾಲೆನ್ಸ್‌ನ ದೋಷ ಹುಡುಕುವ ಕೈಪಿಡಿ

ನನ್ನ ಬಳಿ ಒಂದೇ ಮಾದರಿಯ ಎರಡು ಟೆನಿಸ್ ರಾಕೆಟ್ ಇದ್ದವು. ಒಂದು ಹೂವಿನ ಹಾಗೆ ಹಗುರ. ಇನ್ನೊಂದನ್ನು ನೆಟ್ ಹತ್ತಿರ ವಾಲಿಗೆಂದು (ಚೆಂಡು ನೆಲಕ್ಕೆ ತಾಗುವ ಮೊದಲೇ ಹೊಡೆಯಲು) ಎತ್ತಿ ಹಿಡಿದರೆ ತಲೆ ಕೆಳಕ್ಕೆ ಜೋಲುತ್ತಿತ್ತು. ಫೋರ್‌ಹ್ಯಾಂಡ್ ಕೂಡ ಸ್ವಲ್ಪ ತಡವಾಗುತ್ತಿತ್ತು. ಇದಕ್ಕೆ ಕಾರ್ಖಾನೆಯಲ್ಲೇ ತೂಕ ಜಾಸ್ತಿ ಬಿದ್ದಿದೆ ಅಂತ ಎರಡು ತಿಂಗಳು ಬೈದುಕೊಂಡೇ ಆಡಿದೆ. ಕೊನೆಗೆ ಒಂದು ಸಂಜೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಎರಡನ್ನೂ ತೂಗಿದೆ. ಹಗುರ ಅನ್ನಿಸುತ್ತಿದ್ದದ್ದು 323 ಗ್ರಾಂ. ಭಾರ ಅನ್ನಿಸುತ್ತಿದ್ದದ್ದು 321.

ತಕ್ಕಡಿ ಕೆಟ್ಟಿರಬೇಕು ಅಂದುಕೊಂಡು ಮತ್ತೆ ತೂಗಿದೆ. ಅದೇ ಅಂಕಿ. ಆಮೇಲೆ ಬ್ಯಾಲೆನ್ಸ್ ಅಳೆದಾಗ ಗುಟ್ಟು ಬಯಲಾಯಿತು. ಮೊದಲನೆಯದು ಹಿಡಿಕೆಯ ತುದಿಯಿಂದ 32.4 ಸೆಂ.ಮೀ. ದೂರದಲ್ಲಿ ಸಮತೂಕಕ್ಕೆ ನಿಂತರೆ, ಎರಡನೆಯದು 33 ಸೆಂ.ಮೀ.ನಲ್ಲಿ ನಿಲ್ಲುತ್ತಿತ್ತು. ಮೊದಲನೆಯದಕ್ಕೆ ಓವರ್‌ಗ್ರಿಪ್ (ಹಿಡಿಕೆಯ ಮೇಲೆ ಸುತ್ತುವ ತೆಳು ಪಟ್ಟಿ) ಮೇಲೆ ಇನ್ನೊಂದು ಓವರ್‌ಗ್ರಿಪ್ ಸುತ್ತಿದ್ದೆ. ಎರಡನೆಯದಕ್ಕೆ ಹಿಂದಿನ ಸಲ ನೈಲಾನ್ ಬದಲು ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕಿಸಿದ್ದೆ. ಎರಡೂ ನಾನೇ ಮಾಡಿಕೊಂಡದ್ದು. ಕಾರ್ಖಾನೆಯವರು ಪಾಪ, ಏನೂ ಮಾಡಿರಲಿಲ್ಲ.

ಎಷ್ಟು ಗ್ರಾಂ ಇದೆ ಅನ್ನುವುದಕ್ಕಿಂತ ಆ ಗ್ರಾಂ ಎಲ್ಲಿ ಕೂತಿದೆ ಅನ್ನುವುದೇ ಕೈಗೆ ಗೊತ್ತಾಗುವುದು. ಈ ಬರಹದಲ್ಲಿ ಮತ್ತೆ ಮತ್ತೆ ಬರುವುದು ಇದೊಂದೇ ಮಾತು.

ಅಳೆಯದೆ ಏನನ್ನೂ ಅಂಟಿಸಬೇಡಿ

ಬೇಕಾದದ್ದು ಇಷ್ಟೇ: 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ, ಒಂದು ಪೆನ್ಸಿಲ್, ಟೇಪು ಅಳತೆ, ಒಂದು ಕಾಗದ. ರಾಕೆಟ್‌ಗೆ ತೂಕ ಸೇರಿಸಲು ಅಂಟಿಸುವ ಸೀಸದ ಟೇಪ್ ತುಂಡುಗಳನ್ನು ತೂಗಲು 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು.

ರಾಕೆಟ್ ಅನ್ನು ಆಟಕ್ಕೆ ಹೇಗೆ ಒಯ್ಯುತ್ತೀರೋ ಹಾಗೇ ತೂಗಿ. ಸ್ಟ್ರಿಂಗ್, ಓವರ್‌ಗ್ರಿಪ್, ಡ್ಯಾಂಪನರ್ (ಅದುರು ತಗ್ಗಿಸಲು ಸ್ಟ್ರಿಂಗ್‌ಗೆ ಸಿಕ್ಕಿಸುವ ರಬ್ಬರ್ ತುಂಡು) ಎಲ್ಲ ಇರಲಿ. ಫ್ರೇಮ್ ಮೇಲೆ ಅಚ್ಚಾಗಿರುವ ತೂಕ ಹೆಚ್ಚಿನ ಸಲ ಸ್ಟ್ರಿಂಗ್ ಇಲ್ಲದ ತೂಕ. ಸ್ಟ್ರಿಂಗ್ ಒಂದೇ 15ರಿಂದ 20 ಗ್ರಾಂ ತರುತ್ತದೆ. ಅದೆಲ್ಲ ತಲೆಯ ಕಡೆಗೇ ಬರುವುದರಿಂದ ಬ್ಯಾಲೆನ್ಸ್ ಸುಮಾರು 1 ಸೆಂ.ಮೀ. ಮೇಲಕ್ಕೆ ಸರಿಯುತ್ತದೆ. ಅಚ್ಚಾದ ಅಂಕಿ ಮತ್ತು ನಿಮ್ಮ ತಕ್ಕಡಿಯ ಅಂಕಿ ತಾಳೆಯಾಗದಿದ್ದರೆ ಗಾಬರಿ ಬೇಡ.

ಬ್ಯಾಲೆನ್ಸ್‌ಗೆ ಆರು ಮೂಲೆಯ ಪೆನ್ಸಿಲ್ ತೆಗೆದುಕೊಳ್ಳಿ, ದುಂಡಗಿನದು ಉರುಳುತ್ತದೆ. ಅದನ್ನು ಮೇಜಿನ ಮೇಲೆ ಟೇಪ್ ಹಾಕಿ ಅಂಟಿಸಿ. ಅದರ ಮೇಲೆ ರಾಕೆಟ್ ಅನ್ನು ಅಡ್ಡಲಾಗಿ ಮಲಗಿಸಿ ಮೆಲ್ಲಗೆ ಸರಿಸುತ್ತಾ ಹೋಗಿ. ಒಂದು ಜಾಗದಲ್ಲಿ ತಲೆ ಕೆಳಗೆ ಬೀಳುತ್ತದೆ, ಸ್ವಲ್ಪ ಆಚೆ ಸರಿಸಿದರೆ ಹಿಡಿಕೆ ಬೀಳುತ್ತದೆ. ಎರಡೂ ಕಡೆ ಗುರುತು ಹಾಕಿ, ನಡುವಿನ ಬಿಂದು ಹಿಡಿಯಿರಿ. ಬಟ್ ಕ್ಯಾಪ್‌ನ (ಹಿಡಿಕೆಯ ಬುಡದ ಟೋಪಿ) ತುದಿಯಿಂದ ಅಲ್ಲಿಗೆ ಎಷ್ಟು ಸೆಂ.ಮೀ. ಅಂತ ಅಳೆಯಿರಿ. ಮೂರು ಸಲ ಅಳೆದರೆ 1 ಮಿ.ಮೀ. ಆಚೀಚೆಯಲ್ಲಿ ಒಂದೇ ಅಂಕಿ ಬರಬೇಕು.

ಸಾಮಾನ್ಯ ರಾಕೆಟ್ ಉದ್ದ 27 ಇಂಚು, ಅಂದರೆ 68.6 ಸೆಂ.ಮೀ. ಅದರ ನಡು 34.3. ಅದಕ್ಕಿಂತ ಕಡಿಮೆ ಬಂದರೆ ಹೆಡ್ ಲೈಟ್, ಜಾಸ್ತಿ ಬಂದರೆ ಹೆಡ್ ಹೆವಿ. ಇದನ್ನು ಪಾಯಿಂಟ್ ಲೆಕ್ಕದಲ್ಲೂ ಹೇಳುವುದುಂಟು. ಒಂದು ಪಾಯಿಂಟ್ ಅಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿ.ಮೀ. ನನ್ನ ಹಗುರದ್ದು 6 ಪಾಯಿಂಟ್ ಹೆಡ್ ಲೈಟ್, ಭಾರದ್ದು 4 ಪಾಯಿಂಟ್.

ಮೂರನೆಯ ಅಂಕಿ ಸ್ವಿಂಗ್‌ವೇಟ್. ರಾಕೆಟ್ ಬೀಸುವಾಗ ಅದು ಎಷ್ಟು ಎದುರು ನಿಲ್ಲುತ್ತದೆ ಅನ್ನುವುದರ ಅಳತೆ. ಬಟ್‌ನಿಂದ 10 ಸೆಂ.ಮೀ. ಮೇಲೆ ಒಂದು ಅಚ್ಚು ಇದೆ ಅಂದುಕೊಂಡು, ಅದರ ಸುತ್ತ ತಿರುಗಿಸಿದರೆ ಬರುವ ಜಡತ್ವ ಇದು. ಸ್ಟ್ರಿಂಗ್ ಹಾಕಿದ ಹೆಚ್ಚಿನ ರಾಕೆಟ್‌ಗಳು 290ರಿಂದ 330ರ ನಡುವೆ ಇರುತ್ತವೆ. ನೀವು ಸೇರಿಸುವ ತೂಕದ ಪರಿಣಾಮ ತಿಳಿಯಲು ಸುಲಭದ ಲೆಕ್ಕವಿದೆ. ತೂಕ ಕೂರುವ ಜಾಗ ಆ ಅಚ್ಚಿನಿಂದ ಎಷ್ಟು ಸೆಂ.ಮೀ. ದೂರವೋ ಅದರ ವರ್ಗ ತೆಗೆದು 1000ದಿಂದ ಭಾಗಿಸಿ. ಒಂದು ಗ್ರಾಂಗೆ ಅಷ್ಟು ಏರುತ್ತದೆ. ರಾಕೆಟ್‌ನ ತಲೆಯನ್ನು ಗಡಿಯಾರ ಅಂತ ಭಾವಿಸಿದರೆ, 12ರ ಜಾಗದಲ್ಲಿ 1 ಗ್ರಾಂ ಅಂಟಿಸಿದರೆ ಸ್ವಿಂಗ್‌ವೇಟ್ ಸುಮಾರು 3.4 ಏರುತ್ತದೆ. 3 ಮತ್ತು 9ರ ಜಾಗದಲ್ಲಾದರೆ 1.8. ಥ್ರೋಟ್‌ನಲ್ಲಿ, ಅಂದರೆ ತಲೆ ಹಿಡಿಕೆಗೆ ಸೇರುವ ಕವಲಿನಲ್ಲಿ, 0.8. ಹಿಡಿಕೆಯಲ್ಲಿ ಎಲ್ಲಿ ಹಾಕಿದರೂ 0.1ರ ಒಳಗೇ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಮುಂದೆ ಬೇಕಾಗುತ್ತದೆ.

ನಾಲ್ಕನೆಯದು ಟ್ವಿಸ್ಟ್‌ವೇಟ್, ಚೆಂಡು ಅಂಚಿಗೆ ತಗುಲಿದಾಗ ರಾಕೆಟ್ ಮಗುಚಿಕೊಳ್ಳದೆ ನಿಲ್ಲುವ ಗುಣ. ಇದನ್ನು ಮನೆಯಲ್ಲಿ ಅಳೆಯುವುದು ಕಷ್ಟ, ಆಟದಲ್ಲೇ ಗೊತ್ತಾಗುತ್ತದೆ.

ತೂಕವನ್ನು ಬೈಯುವ ಮೊದಲು

ನಾನು ನೋಡಿದ ಹೆಚ್ಚಿನ 'ತೂಕದ ತೊಂದರೆ'ಗಳು ತೂಕದ್ದೇ ಆಗಿರಲಿಲ್ಲ. ಆದ್ದರಿಂದ ಟೇಪ್ ಮುಟ್ಟುವ ಮೊದಲು ಇವನ್ನು ನೋಡಿ.

ಸ್ಟ್ರಿಂಗ್ ಎಷ್ಟು ಹಳೆಯದು? ಪಾಲಿಯೆಸ್ಟರ್ ತುಂಡಾಗದೆ ಇದ್ದರೂ ಬಿಗಿ ಕಳೆದುಕೊಳ್ಳುತ್ತದೆ, ಸತ್ತ ಹಾಗಾಗುತ್ತದೆ. ಆಗ ಚೆಂಡು ಹೋಗುತ್ತಿಲ್ಲ ಅಂತ ನೀವು ಜೋರಾಗಿ ಬೀಸುತ್ತೀರಿ. ಕೈ ಸೋಲುತ್ತದೆ. ಬೈಗುಳ ಮಾತ್ರ ರಾಕೆಟ್‌ನ ತೂಕಕ್ಕೆ. ಸ್ಟ್ರಿಂಗ್‌ನ ಜಾತಿ ಬದಲಾಗಿದೆಯೇ ಅನ್ನುವುದನ್ನೂ ನೋಡಿ. ಅಷ್ಟೇ ದಪ್ಪದ ನೈಲಾನ್‌ಗಿಂತ ಪಾಲಿಯೆಸ್ಟರ್ ಐದನೇ ಒಂದು ಪಾಲು ಜಾಸ್ತಿ ತೂಗುತ್ತದೆ. ಇಡೀ ರಾಕೆಟ್‌ಗೆ ಅದು 3 ಗ್ರಾಂ ಹತ್ತಿರ. ಆ 3 ಗ್ರಾಂ ತಲೆಯಲ್ಲೇ ಹರಡಿಕೊಳ್ಳುವುದರಿಂದ ಸ್ವಿಂಗ್‌ವೇಟ್ 5ರಷ್ಟು ಏರುತ್ತದೆ. ನನ್ನ ಭಾರದ ರಾಕೆಟ್‌ನ ಕಥೆಯೇ ಇದು.

ಗ್ರಿಪ್ ನೋಡಿ. ಒಂದು ಓವರ್‌ಗ್ರಿಪ್ ಸುಮಾರು 5 ಗ್ರಾಂ. ಹಳೆಯದನ್ನು ಬಿಚ್ಚದೆ ಅದರ ಮೇಲೆ ಹೊಸದು ಸುತ್ತುವವರು ತುಂಬಾ ಜನ, ನಾನೂ ಒಬ್ಬ. ತೂಕದ ಜೊತೆಗೆ ಹಿಡಿಕೆಯ ದಪ್ಪವೂ ಬದಲಾಗುತ್ತದೆ. ದಪ್ಪ ಬದಲಾದರೆ ಹಿಡಿತದ ಬಲ ಬದಲಾಗುತ್ತದೆ, ಆಗ ಅದೇ ರಾಕೆಟ್ ಬೇರೆಯದೇ ಅನ್ನಿಸುತ್ತದೆ. ಕಾರ್ಖಾನೆಯ ಗ್ರಿಪ್ ತೆಗೆದು ಚರ್ಮದ ಗ್ರಿಪ್ ಹಾಕಿಸಿದ್ದರೆ ಇನ್ನೂ 8–10 ಗ್ರಾಂ ಕೂಡಿರಬಹುದು.

ಫ್ರೇಮ್ ಬಿರುಕು ಬಿಟ್ಟಿದೆಯಾ? ಬೆರಳ ಗೆಣ್ಣಿನಿಂದ ಸುತ್ತ ತಟ್ಟುತ್ತಾ ಬನ್ನಿ. ಒಂದು ಕಡೆ ಮಾತ್ರ ಟೊಳ್ಳು ಸದ್ದು ಬಂದರೆ, ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ ಕಂಡರೆ, ಅಲ್ಲಿಗೆ ನಿಲ್ಲಿಸಿ. ಬಿರುಕು ಬಿಟ್ಟ ಫ್ರೇಮ್‌ಗೆ ತೂಕ ಸೇರಿಸಿ ಪ್ರಯೋಜನವಿಲ್ಲ.

ನಿನ್ನೆ ಸರಿ ಇತ್ತು, ಇವತ್ತು ಸರಿ ಇಲ್ಲ ಅನ್ನುವ ದೂರು ಬಂದರೆ ತೂಕ ಬದಲಾಗಿರುವ ಸಾಧ್ಯತೆ ಕಡಿಮೆ. ಡ್ಯಾಂಪನರ್ ಎಲ್ಲೋ ಹಾರಿಹೋಗಿರುತ್ತದೆ, ಗ್ರಿಪ್ ಬೆವರು ಕುಡಿದಿರುತ್ತದೆ, ಇಲ್ಲವೇ ಹಿಂದೆ ಅಂಟಿಸಿದ್ದ ಟೇಪ್‌ನ ಒಂದು ತುಂಡು ಉದುರಿರುತ್ತದೆ. ಅಥವಾ ನಿದ್ದೆ ಸರಿಯಾಗಿರುವುದಿಲ್ಲ.

ಲಕ್ಷಣ: ಬಡಿದಾಗ ರಾಕೆಟ್ ಕೈಯಲ್ಲಿ ತಿರುಗುತ್ತದೆ

ಇಲ್ಲಿ ಎರಡು ಬೇರೆ ರೋಗಗಳಿಗೆ ಒಂದೇ ಲಕ್ಷಣ. ನಡುವಿಗೆ ಸರಿಯಾಗಿ ಬಡಿದ ಚೆಂಡಿಗೂ ತಿರುಗಿದರೆ ಗ್ರಿಪ್ ಜಾರುತ್ತಿದೆ ಅಥವಾ ಹಿಡಿಕೆ ಸಣ್ಣದಾಗಿದೆ. ಅಂಚಿಗೆ ಬಡಿದಾಗ ಮಾತ್ರ ತಿರುಗಿದರೆ ಟ್ವಿಸ್ಟ್‌ವೇಟ್ ಸಾಲದು.

ಎಲ್ಲಿ ಬಡಿಯುತ್ತಿದ್ದೀರಿ ಅನ್ನುವುದು ನಿಮಗೆ ಅನ್ನಿಸುವಷ್ಟು ನಿಮಗೆ ಗೊತ್ತಿರುವುದಿಲ್ಲ. ಚೆಂಡಿಗೆ ಸೀಮೆಸುಣ್ಣದ ಪುಡಿ ಸವರಿ ಹತ್ತು ಸಲ ಹೊಡೆಯಿರಿ. ಸ್ಟ್ರಿಂಗ್ ಮೇಲೆ ಬಿಳಿ ಗುರುತು ಉಳಿಯುತ್ತದೆ. ನನ್ನದು ನಡುವಿನಲ್ಲಿರುತ್ತದೆ ಅಂತ ನಂಬಿದ್ದೆ. ಹತ್ತರಲ್ಲಿ ಏಳು ಮೇಲಿನ ಅಂಚಿನ ಹತ್ತಿರ ಇದ್ದವು.

ಟ್ವಿಸ್ಟ್‌ವೇಟ್ ಸಾಲದು ಅಂತ ಖಚಿತವಾದರೆ 3 ಮತ್ತು 9ರಲ್ಲಿ ತಲಾ 1 ಗ್ರಾಂ ಹಾಕಿ ಶುರು ಮಾಡಿ. ಬದಲಾವಣೆ ಗೊತ್ತಾಗದಿದ್ದರೆ ತಲಾ 2 ಗ್ರಾಂ. ಒಟ್ಟು 4 ಗ್ರಾಂ ಆದರೆ ಸ್ವಿಂಗ್‌ವೇಟ್ 7ರಷ್ಟು ಏರುತ್ತದೆ, ಅದನ್ನು ಹೆಚ್ಚಿನವರ ಕೈ ಗುರುತಿಸುತ್ತದೆ. 310 ಗ್ರಾಂ ತೂಗುವ, 33 ಸೆಂ.ಮೀ. ಬ್ಯಾಲೆನ್ಸ್ ಇರುವ ರಾಕೆಟ್ ಆದರೆ ಬ್ಯಾಲೆನ್ಸ್ 33.25ಕ್ಕೆ ಏರುತ್ತದೆ. ತಲೆ ಭಾರ ಅನ್ನಿಸಿದರೆ ಬಟ್ ಕ್ಯಾಪ್ ಕಡೆ 2.5 ಗ್ರಾಂ ಹಾಕಿದರೆ ಬ್ಯಾಲೆನ್ಸ್ ಮತ್ತೆ 33ಕ್ಕೆ ಬರುತ್ತದೆ.

ಎಡಕ್ಕೆ ಒಂದು ಅಳತೆ, ಬಲಕ್ಕೆ ಒಂದು ಅಳತೆ ಹಾಕಬೇಡಿ. ಹೇಳಬೇಕಾಗಿಲ್ಲ ಅನ್ನಿಸಬಹುದು. ಆದರೆ ಒಂದು ತುಂಡು ಉದುರಿ, ಇನ್ನೊಂದು ಉಳಿದು, ತಿಂಗಳುಗಟ್ಟಲೆ ಹಾಗೇ ಆಡಿದವರನ್ನು ನೋಡಿದ್ದೇನೆ.

ಲಕ್ಷಣ: ವೇಗದ ಚೆಂಡು ರಾಕೆಟ್ ಅನ್ನೇ ಹಿಂದಕ್ಕೆ ತಳ್ಳುತ್ತದೆ

ಸರ್ವ್ ರಿಟರ್ನ್ ಮಾಡುವಾಗ, ನೆಟ್ ಹತ್ತಿರ ಬ್ಲಾಕ್ ಮಾಡುವಾಗ ಇದು ಎದ್ದು ಕಾಣುತ್ತದೆ. ಇಲ್ಲಿ ನೀವು ಬೀಸುವುದು ಕಡಿಮೆ, ರಾಕೆಟ್ ಸುಮ್ನೆ ಗೋಡೆಯ ಹಾಗೆ ನಿಲ್ಲಬೇಕು. 280 ಗ್ರಾಂ ಆಸುಪಾಸಿನ ರಾಕೆಟ್‌ಗಳಲ್ಲಿ ಇದು ಸಾಮಾನ್ಯ. 3 ಮತ್ತು 9ರಲ್ಲಿ ಒಟ್ಟು 4 ಗ್ರಾಂ, ಹಿಡಿಕೆಯ ಮೇಲ್ತುದಿಯಲ್ಲಿ ಇನ್ನೊಂದು 5 ಗ್ರಾಂ ಹಾಕಿ ನೋಡಿ. ಬ್ಯಾಲೆನ್ಸ್ ಇದ್ದ ಹತ್ತಿರವೇ ಉಳಿಯುತ್ತದೆ, ರಾಕೆಟ್‌ಗೆ ಮೈ ಬರುತ್ತದೆ.

ಲಕ್ಷಣ: ಚೆಂಡು ಗಿಡ್ಡ ಬೀಳುತ್ತಿದೆ

ಸ್ಟ್ರಿಂಗ್ ಸರಿ ಇದೆ, ಹೊಡೆತ ಸರಿ ಇದೆ, ಆದರೂ ಚೆಂಡು ಸರ್ವಿಸ್ ಗೆರೆ ದಾಟಿದ ಕೂಡಲೇ ಬೀಳುತ್ತದೆ. ಸುಣ್ಣದ ಗುರುತು ತಲೆಯ ಮೇಲ್ಭಾಗದಲ್ಲಿದ್ದರೆ 12ರಲ್ಲಿ 1 ಗ್ರಾಂ, ಇಲ್ಲವೇ 10 ಮತ್ತು 2ರಲ್ಲಿ ತಲಾ ಅರ್ಧ ಗ್ರಾಂ ಸಾಕು. ಸ್ವೀಟ್ ಸ್ಪಾಟ್ (ಚೆಂಡು ಚೆನ್ನಾಗಿ ಚಿಮ್ಮುವ ಜಾಗ) ಸ್ವಲ್ಪ ಮೇಲಕ್ಕೆ ಏರುತ್ತದೆ.

12ರ ಜಾಗ ಮಾತ್ರ ಹಸಿಮೆಣಸಿನಕಾಯಿ ಇದ್ದ ಹಾಗೆ, ಒಂದು ಚೂರು ಜಾಸ್ತಿಯಾದರೂ ಗೊತ್ತಾಗಿಬಿಡುತ್ತದೆ. ಮೊದಲ ಸಲ ನಾನು ಅಲ್ಲಿ ಒಂದೇ ಏಟಿಗೆ 8 ಗ್ರಾಂ ಅಂಟಿಸಿದ್ದೆ. ಲೆಕ್ಕ ಹಾಕಿದರೆ ಸ್ವಿಂಗ್‌ವೇಟ್ 27 ಏರಿತ್ತು. ಮೊದಲ ಹತ್ತು ನಿಮಿಷ ಚೆಂಡು ಗುಂಡಿನ ಹಾಗೆ ಹೋಯಿತು, ನಾನು ಕುಣಿದಾಡಿದೆ. ಅರ್ಧ ಗಂಟೆಗೆ ಭುಜ ಎತ್ತಲಾಗುತ್ತಿರಲಿಲ್ಲ. ಅಮೆರಿಕದ ಟೆನಿಸ್ ಚಾಂಪಿಯನ್ ಪೀಟ್ ಸಾಂಪ್ರಾಸ್ ರಾಕೆಟ್‌ಗೆ ಸೀಸದ ಟೇಪ್ ಅಂಟಿಸಿಕೊಂಡು ಆಡುತ್ತಿದ್ದರು ನಿಜ. ಆದರೆ ಸಾಂಪ್ರಾಸ್ ಭುಜ ನಮಗಿಲ್ಲ ಅಲ್ವಾ?

ಲಕ್ಷಣ: ರಾಕೆಟ್ ತಡವಾಗುತ್ತಿದೆ, ಭಾರ ಅನ್ನಿಸುತ್ತಿದೆ

ಜನ ಜಾಸ್ತಿ ಎಡವುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಮೊದಲ ಪ್ರಶ್ನೆ: ಯಾವಾಗ ತಡವಾಗುತ್ತದೆ? ಆಟದ ಮೊದಲ ಐದು ನಿಮಿಷದಿಂದಲೇ ತಡವಾದರೆ ಸ್ವಿಂಗ್‌ವೇಟ್ ಜಾಸ್ತಿ. ಎರಡನೇ ಸೆಟ್‌ಗೆ ಬಂದಾಗ ಮಾತ್ರ ತಡವಾದರೆ ಒಟ್ಟು ತೂಕ ನಿಮ್ಮ ದೇಹಕ್ಕೆ ಜಾಸ್ತಿ, ಅಥವಾ ಅಭ್ಯಾಸ ಸಾಲದು. ನೆಟ್ ಹತ್ತಿರ ಎತ್ತಿ ಹಿಡಿದಾಗ ತಲೆ ಜೋಲುವುದು ಮಾತ್ರ ತೊಂದರೆಯಾದರೆ ಬ್ಯಾಲೆನ್ಸ್ ಮೇಲಿದೆ.

ಇಲ್ಲೊಂದು ಗುಂಡಿ ಇದೆ. 'ತಲೆ ಭಾರ ಅನ್ನಿಸಿದರೆ ಹಿಡಿಕೆಗೆ ತೂಕ ಹಾಕು' ಅಂತ ಎಲ್ಲರೂ ಹೇಳುತ್ತಾರೆ. ಹಾಕಿದರೆ ಬ್ಯಾಲೆನ್ಸ್‌ನ ಅಂಕಿ ಚೆನ್ನಾಗಿ ಇಳಿಯುತ್ತದೆ. 310 ಗ್ರಾಂ ರಾಕೆಟ್‌ನ ಬಟ್ ಕಡೆ 10 ಗ್ರಾಂ ಹಾಕಿದರೆ 33 ಇದ್ದದ್ದು 32 ಆಗುತ್ತದೆ. ಮೂರು ಪಾಯಿಂಟ್ ಹೆಡ್ ಲೈಟ್ ಕಡೆಗೆ! ಆದರೆ ಹಿಡಿಕೆಯ ತೂಕದಿಂದ ಸ್ವಿಂಗ್‌ವೇಟ್ ಇಳಿಯುವುದಿಲ್ಲ. ಹಿಂದೆ ಓದಿದ ಆ ಸಾಲನ್ನು ನೆನಪಿಸಿಕೊಳ್ಳಿ. ಹಿಡಿಕೆಯಲ್ಲಿ ಹಾಕಿದ ಗ್ರಾಂ ಸ್ವಿಂಗ್‌ವೇಟ್‌ಗೆ ಸೇರುವುದು ನಾಮಮಾತ್ರಕ್ಕೆ, ಕಳೆಯುವುದಂತೂ ಇಲ್ಲವೇ ಇಲ್ಲ. ತಲೆಯಲ್ಲಿ ಇದ್ದದ್ದು ತಲೆಯಲ್ಲೇ ಇದೆ. ಅದನ್ನು ಬೀಸಲು ಬೇಕಾದ ಬಲವೂ ಅಷ್ಟೇ ಇದೆ, ಮೇಲೆ 10 ಗ್ರಾಂ ಹೊರುವ ಕೆಲಸ ಬೇರೆ.

ಹಾಗಾದರೆ ಹಿಡಿಕೆಯ ತೂಕದಿಂದ ಏನೂ ಉಪಯೋಗವಿಲ್ಲವೇ? ಇದೆ. ಅಂಗೈಯ ಹಿಂದೆ, ಬಟ್ ಕ್ಯಾಪ್ ಒಳಗೆ ಹಾಕಿದ ತೂಕ ತಲೆಗೆ ಎದುರು ತೂಕವಾಗಿ ನಿಲ್ಲುತ್ತದೆ, ಜೋಲುವುದು ಸ್ವಲ್ಪ ಕಡಿಮೆಯಾಗುತ್ತದೆ. ಬೀಸುವುದು ಮಾತ್ರ ಹಗುರವಾಗುವುದಿಲ್ಲ. ತಡವಾಗುವ ರೋಗಕ್ಕೆ ಇದು ಮದ್ದಲ್ಲ.

ನಿಜವಾದ ಮದ್ದು ತಲೆಯಿಂದ ತೆಗೆಯುವುದು. ಟೇಪ್ ಅಂಟಿಸಿದ್ದರೆ ಕೀಳಿ. ಹಳೆಯ ರಾಕೆಟ್ ಕೊಂಡದ್ದಾದರೆ ಬಂಪರ್ ಗಾರ್ಡ್ (ತಲೆಯ ತುದಿಯನ್ನು ಕಾಯುವ ಪ್ಲಾಸ್ಟಿಕ್ ಪಟ್ಟಿ) ಕೆಳಗೆ ಹಿಂದಿನವರು ಅಂಟಿಸಿದ ಸೀಸ ಇರಬಹುದು, ಸ್ಟ್ರಿಂಗ್ ಬಿಚ್ಚಿದಾಗ ಅದನ್ನೆತ್ತಿ ನೋಡಿ. ಮುಂದಿನ ಸಲ ತೆಳ್ಳಗಿನ ಸ್ಟ್ರಿಂಗ್ ಹಾಕಿಸಿ, ಅಥವಾ ಪಾಲಿಯೆಸ್ಟರ್ ಬಿಟ್ಟು ನೈಲಾನ್‌ಗೆ ಬನ್ನಿ. ಡ್ಯಾಂಪನರ್ ತೆಗೆದು ದೊಡ್ಡ ಲಾಭವಿಲ್ಲ, 2 ಗ್ರಾಂನದ್ದಾದರೆ ಸ್ವಿಂಗ್‌ವೇಟ್ ಒಂದೂವರೆಯಷ್ಟು ಇಳಿಯಬಹುದು. ಬಂಪರ್ ಗಾರ್ಡ್ ಕತ್ತರಿಸುವ ಬುದ್ಧಿ ಮಾತ್ರ ಬೇಡ. ಮೊದಲ ಸಲ ನೆಲಕ್ಕೆ ತಗುಲಿದಾಗ ಫ್ರೇಮ್ ಸವೆಯುತ್ತದೆ, ಸ್ಟ್ರಿಂಗ್ ಅಲ್ಲೇ ಕತ್ತರಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ತಡವಾದರೆ ಆ ರಾಕೆಟ್ ನಿಮಗಲ್ಲ. ತೂಕ ಸೇರಿಸುವುದು ಸುಲಭ, ಫ್ರೇಮ್‌ನಿಂದ ತೆಗೆಯುವುದು ಆಗದ ಮಾತು. ಅದಕ್ಕೇ ಕೊಳ್ಳುವಾಗ ಸ್ವಲ್ಪ ಹಗುರದ್ದನ್ನೇ ಆರಿಸಿ ಅಂತ ನಾನು ಹೇಳುವುದು.

ಲಕ್ಷಣ: ಎರಡು ರಾಕೆಟ್ ಒಂದೇ ಥರ ಇಲ್ಲ

ಒಂದೇ ಮಾದರಿ, ಒಂದೇ ಬಣ್ಣ ಇದ್ದರೂ ಕೆಲವು ಗ್ರಾಂ ವ್ಯತ್ಯಾಸ ಬರುವುದು ಸಾಮಾನ್ಯ. ಸ್ಟ್ರಿಂಗ್, ಓವರ್‌ಗ್ರಿಪ್ ಎರಡಕ್ಕೂ ಒಂದೇ ಮಾಡಿ, ಆಮೇಲೆ ಅಳೆಯಿರಿ. ನನ್ನ ವಿಷಯದಲ್ಲಿ ಅಷ್ಟಕ್ಕೇ ಕೆಲಸ ಮುಗಿಯಿತು. ಜಾಸ್ತಿ ಓವರ್‌ಗ್ರಿಪ್ ಬಿಚ್ಚಿ, ಎರಡಕ್ಕೂ ನೈಲಾನ್ ಹಾಕಿಸಿದ ಮೇಲೆ ಉಳಿದ ವ್ಯತ್ಯಾಸ 1 ಗ್ರಾಂ.

ನಿಮಗೆ ಅಷ್ಟು ಅದೃಷ್ಟ ಇಲ್ಲದಿದ್ದರೆ ಹಗುರದ್ದಕ್ಕೆ ತೂಕ ಸೇರಿಸಿ ಭಾರದ್ದರ ಸಮಕ್ಕೆ ತರಬೇಕು. ಎಷ್ಟು ಹಾಕಬೇಕು ಅನ್ನುವುದು ಸುಲಭ. ಎಲ್ಲಿ ಹಾಕಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಪ್ರತಿ ರಾಕೆಟ್‌ನ ತೂಕವನ್ನು ಅದರ ಬ್ಯಾಲೆನ್ಸ್‌ನಿಂದ ಗುಣಿಸಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದನ್ನು ತೂಕದ ವ್ಯತ್ಯಾಸದಿಂದ ಭಾಗಿಸಿ. ಬಟ್‌ನಿಂದ ಎಷ್ಟು ಸೆಂ.ಮೀ. ದೂರ ಅಂಟಿಸಬೇಕು ಅನ್ನುವುದೇ ಆ ಉತ್ತರ.

ಒಂದು ಉದಾಹರಣೆ. ಒಂದು ರಾಕೆಟ್ 312 ಗ್ರಾಂ, ಬ್ಯಾಲೆನ್ಸ್ 32.8. ಇನ್ನೊಂದು 316 ಗ್ರಾಂ, 33.0. ಗುಣಿಸಿದರೆ 10233.6 ಮತ್ತು 10428. ವ್ಯತ್ಯಾಸ 194.4. ಅದನ್ನು 4ರಿಂದ ಭಾಗಿಸಿದರೆ 48.6. ಅಂದರೆ ಹಗುರದ್ದಕ್ಕೆ ಬಟ್‌ನಿಂದ 48.6 ಸೆಂ.ಮೀ. ಮೇಲೆ, ತಲೆಯ ಎರಡೂ ಬದಿಗೆ ತಲಾ 2 ಗ್ರಾಂ ಹಾಕಬೇಕು. ಅದು 4 ಮತ್ತು 8ರ ಆಸುಪಾಸಿನ ಜಾಗ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಅಥವಾ ರಾಕೆಟ್‌ನ ಉದ್ದಕ್ಕಿಂತ ಜಾಸ್ತಿ ಬಂದರೆ ಈ ಎರಡನ್ನು ಇಷ್ಟೇ ತೂಕದಲ್ಲಿ ಸಮ ಮಾಡಲಾಗದು. ಆಗ ಎರಡಕ್ಕೂ ಸ್ವಲ್ಪ ಸ್ವಲ್ಪ ಸೇರಿಸಿ ಇಬ್ಬರನ್ನೂ ಒಂದು ಕಡೆ ತರಬೇಕು.

ತೂಕ, ಬ್ಯಾಲೆನ್ಸ್ ಎರಡೂ ಸಮವಾದ ಮೇಲೂ ಸ್ವಿಂಗ್‌ವೇಟ್ ಬೇರೆ ಇರಬಹುದು. ಅದಕ್ಕೆ ಯಂತ್ರ ಬೇಕಿಲ್ಲ, ಲೋಲಕದ ಉಪಾಯ ಸಾಕು. ಗೋಡೆಯಿಂದ ಮುಂದಕ್ಕೆ ಚಾಚಿದ ತೆಳ್ಳಗಿನ ಕಂಬಿಯನ್ನು 12ರ ಜಾಗದಲ್ಲಿ ಸ್ಟ್ರಿಂಗ್‌ಗಳ ನಡುವೆ ತೂರಿಸಿ, ಫ್ರೇಮ್ ಅದರ ಮೇಲೆ ಕೂರುವಂತೆ ರಾಕೆಟ್ ಅನ್ನು ಹಿಡಿಕೆ ಕೆಳಗಾಗಿ ನೇತು ಹಾಕಿ. ಬಟ್ ಅನ್ನು ಒಂದು ಗೇಣು ಪಕ್ಕಕ್ಕೆ ಎಳೆದು ಬಿಡಿ. 50 ಸಲ ಹೋಗಿ ಬರುವ ಹೊತ್ತನ್ನು ಫೋನಿನ ಸ್ಟಾಪ್‌ವಾಚ್‌ನಲ್ಲಿ ಹಿಡಿಯಿರಿ, ಸುಮಾರು 70 ಸೆಕೆಂಡ್ ಬರುತ್ತದೆ. ತೂಕ, ಬ್ಯಾಲೆನ್ಸ್ ಸಮವಿರುವ ಎರಡು ರಾಕೆಟ್‌ಗಳಲ್ಲಿ ಯಾವುದು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೋ ಅದರ ಸ್ವಿಂಗ್‌ವೇಟ್ ಜಾಸ್ತಿ. 0.7 ಸೆಕೆಂಡ್ ಅಂತರ ಬಂದರೆ ಸುಮಾರು 10ರ ವ್ಯತ್ಯಾಸ ಅಂತ ಲೆಕ್ಕ. ಅದಕ್ಕಿಂತ ತುಂಬಾ ಸಣ್ಣ ಅಂತರವನ್ನು ನಮ್ಮ ಬೆರಳಿನ ವೇಗ ಹಿಡಿಯಲಾರದು, ಹಿಡಿಯಬೇಕಾದ ಅಗತ್ಯವೂ ಇಲ್ಲ.

ಕಡಿಮೆ ಇರುವುದರ ಸ್ವಿಂಗ್‌ವೇಟ್ ಏರಿಸಬೇಕಾದರೆ ಅದೇ 4 ಗ್ರಾಂ ಅನ್ನು ಒಡೆಯಿರಿ. ಮೇಲಿನ ಉದಾಹರಣೆಯಲ್ಲಿ 48.6ರಲ್ಲಿ ಹಾಕುವ ಬದಲು 12ರ ಹತ್ತಿರ 2.5 ಗ್ರಾಂ, ಹಿಡಿಕೆಯ ಮೇಲ್ತುದಿಯಲ್ಲಿ 1.5 ಗ್ರಾಂ ಹಾಕಿದರೆ ತೂಕವೂ ಬ್ಯಾಲೆನ್ಸೂ ಹಾಗೇ ಉಳಿದು ಸ್ವಿಂಗ್‌ವೇಟ್ ಇನ್ನೂ 2ರಷ್ಟು ಮೇಲೆ ಬರುತ್ತದೆ.

ಲಕ್ಷಣ: ಒಳಗೆ ಏನೋ ಕಟಕಟ ಅನ್ನುತ್ತಿದೆ

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಹಿಡಿಕೆಯೊಳಗೆ ಸದ್ದು ಬಂದರೆ ಬಟ್ ಕ್ಯಾಪ್‌ನ ಚಿಕ್ಕ ಮುಚ್ಚಳ ತೆಗೆದು ನೋಡಿ. ಒಣಗಿ ಬಿಟ್ಟುಕೊಂಡ ಪುಟ್ಟಿ, ಬಿಡಿ ಸೀಸ, ಫೋಮ್ ಚೂರು ಯಾವುದಾದರೂ ಸಿಗಬಹುದು. ಹತ್ತಿಯನ್ನು ಗಟ್ಟಿಯಾಗಿ ತುರುಕಿದರೆ ಅಲುಗಾಟ ನಿಲ್ಲುತ್ತದೆ. ತಲೆಯಲ್ಲಿ ಸದ್ದಾದರೆ ಒಡೆದ ಗ್ರಾಮೆಟ್ (ಸ್ಟ್ರಿಂಗ್ ತೂರುವ ತೂತಿನ ಪ್ಲಾಸ್ಟಿಕ್ ಕೊಳವೆ) ಅಥವಾ ತುದಿ ಎದ್ದ ಟೇಪ್. ಮೊದಲು ಟೇಪ್ ಒತ್ತಿ ನೋಡಿ.

ಲಕ್ಷಣ: ಮೊಣಕೈ ನೋವು

ಇದನ್ನು ಟೇಪ್‌ನಿಂದ ವಾಸಿ ಮಾಡಲು ಹೋಗಬೇಡಿ. ಹಗುರದ ರಾಕೆಟ್ ಕೈಗೆ ಒಳ್ಳೆಯದು ಅನ್ನುವ ನಂಬಿಕೆ ಇದೆ. ಆದರೆ ತೀರಾ ಹಗುರದ, ಗಡುಸಾದ ಫ್ರೇಮ್ ಹೊಡೆತದ ಅದುರು ತಾನು ಹೀರಿಕೊಳ್ಳದೆ ಕೈಗೇ ಕಳಿಸುತ್ತದೆ. ಸ್ಟ್ರಿಂಗ್‌ನ ಬಿಗಿ ಇಳಿಸಿ, ಮೆತ್ತಗಿನ ಸ್ಟ್ರಿಂಗ್ ಹಾಕಿಸಿ. ನೋವು ಇದ್ದಷ್ಟು ದಿನ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ರಾಕೆಟ್‌ನ ಲೆಕ್ಕಾಚಾರ ಆಮೇಲೆ.

ಅಂಟಿಸುವ ಕೆಲಸ

ಸೀಸದ ಟೇಪ್ ಕಾಲು ಇಂಚು ಅಗಲದ್ದಾದರೆ 10 ಸೆಂ.ಮೀ.ಗೆ ಸುಮಾರು 1 ಗ್ರಾಂ. ಸುಮಾರು ಅಂದೆ, ಆದ್ದರಿಂದ ಕತ್ತರಿಸಿದ ಮೇಲೆ ತೂಗಿಯೇ ಹಾಕಿ. ಸೀಸ ವಿಷ ಅನ್ನುವುದನ್ನು ಮರೆಯಬೇಡಿ. ಕತ್ತರಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಚೂರುಗಳು ಮಕ್ಕಳ ಕೈಗೆ ಸಿಗಬಾರದು. ಅಂಟಿಸಿದ ಮೇಲೆ ಮೇಲೊಂದು ಪದರ ಸಾದಾ ಟೇಪ್ ಹಾಕಿದರೆ ಬೆರಳಿಗೆ ತಗುಲುವುದಿಲ್ಲ. ಸೀಸವೇ ಬೇಡ ಅನ್ನುವವರಿಗೆ ಟಂಗ್‌ಸ್ಟನ್ ಟೇಪ್ ಇದೆ, ನನಗೆ ಅದೇ ಇಷ್ಟ. ಅದನ್ನೂ ತೂಗಿಯೇ ಹಾಕಿ.

ಫ್ರೇಮ್ ಅನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಟೇಪ್ ಅನ್ನು ತಲೆಯ ಒಳಬದಿಯಲ್ಲಿ, ಸ್ಟ್ರಿಂಗ್ ಸಾಲಿನ ಆಚೆಗೊಂದು ಈಚೆಗೊಂದು ತುಂಡಾಗಿ ಅಂಟಿಸಿ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಉಗುರಿನಿಂದ ಗಟ್ಟಿಯಾಗಿ ತೀಡಿ. ಹಿಡಿಕೆಗೆ ಹಾಕುವುದಾದರೆ ಗ್ರಿಪ್ ಬಿಚ್ಚಿ ಅದರ ಕೆಳಗೆ ಹಾಕಿ, ಇಲ್ಲದಿದ್ದರೆ ಅಂಗೈಗೆ ಏಣು ಒತ್ತುತ್ತದೆ. ಹಿಡಿಕೆಯೊಳಗೆ ಸಿಲಿಕೋನ್ ತುಂಬಿಸುವವರೂ ಇದ್ದಾರೆ. ಒಮ್ಮೆ ತುಂಬಿದರೆ ತೆಗೆಯುವುದು ಸಾಹಸ, ಅಳತೆ ಖಚಿತವಾಗುವ ತನಕ ಅದರ ತಂಟೆಗೆ ಹೋಗಬೇಡಿ.

ಪಂದ್ಯಾವಳಿಯಲ್ಲಿ ಇದೆಲ್ಲ ನಡೆಯುತ್ತದಾ ಅಂತ ಕೇಳುವವರಿಗೆ: ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ನಿಯಮದಲ್ಲಿ ರಾಕೆಟ್‌ನ ಉದ್ದಕ್ಕೆ 73.7 ಸೆಂ.ಮೀ. ಮಿತಿ ಇದೆ, ತೂಕಕ್ಕೆ ಮಿತಿ ಇಲ್ಲ. ತೂಕ ಹಂಚಲು ಫ್ರೇಮ್‌ಗೆ ಟೇಪ್ ಅಂಟಿಸಬಹುದು, ಅಳತೆ ಮತ್ತು ಜಾಗ ಆ ಕೆಲಸಕ್ಕೆ ತಕ್ಕ ಹಾಗಿರಬೇಕು ಅಷ್ಟೇ. ಪಾಯಿಂಟ್ ನಡೆಯುತ್ತಿರುವಾಗಲೇ ತೂಕದ ಹಂಚಿಕೆ ಬದಲಾಗುವಂಥ ಸಾಧನ ಮಾತ್ರ ಇರಬಾರದು.

ಅಂಟಿಸಿದ ಮೇಲೆ ಪರೀಕ್ಷೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದು ಬದಲಾವಣೆಗೆ ಕಡಿಮೆ ಅಂದರೆ ಮೂರು ದಿನದ ಆಟ. ಹೊಸದು ಅನ್ನುವ ಕಾರಣಕ್ಕೇ ಮೊದಲ ದಿನ ಎಲ್ಲವೂ ಚೆನ್ನಾಗಿ ಅನ್ನಿಸುತ್ತದೆ. ಎರಡು ಸಮ ರಾಕೆಟ್ ಇದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಜೊತೆಗೆ ಆಡುವವರಿಗೆ ಹೇಳಿ ಒಂದಕ್ಕೆ ಸೀಸದ ಟೇಪ್, ಇನ್ನೊಂದಕ್ಕೆ ಅದೇ ಬಣ್ಣದ ಸಾದಾ ಟೇಪ್ ಹಾಕಿಸಿ, ಯಾವುದು ಯಾವುದೆಂದು ಹೇಳದಿರಲಿ. ತಲಾ 20 ಸರ್ವ್ ಮಾಡಿ ಊಹಿಸಿ. ಒಟ್ಟು 1 ಗ್ರಾಂ ವ್ಯತ್ಯಾಸವನ್ನು 3 ಮತ್ತು 9ರಲ್ಲಿ ನಾನು ಗುರುತಿಸಲಾರೆ ಅಂತ ನನಗೆ ಗೊತ್ತಾದದ್ದು ಹಾಗೆ. ಅಲ್ಲಿಯವರೆಗೆ ಅರ್ಧ ಗ್ರಾಂಗೂ ಜಗಳ ಆಡುತ್ತಿದ್ದೆ.

ಸರಿಹೋಗದಿದ್ದರೆ ಕೀಳುವುದು ಸುಲಭ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ, ಅಂಟು ಸಡಿಲವಾದ ಮೇಲೆ ಒಂದು ತುದಿಯಿಂದ ಮೆಲ್ಲಗೆ ಎತ್ತಿ. ಜೋರಾಗಿ ಎಳೆದರೆ ಬಣ್ಣವೂ ಬರುತ್ತದೆ. ಸರಿಹೋದರೆ ತೂಕ, ಬ್ಯಾಲೆನ್ಸ್, 50 ಓಲಾಟದ ಹೊತ್ತು, ಟೇಪ್ ಹಾಕಿದ ಜಾಗ, ಸ್ಟ್ರಿಂಗ್‌ನ ಹೆಸರು ಮತ್ತು ದಪ್ಪ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರಾಕೆಟ್ ಚೀಲದ ಒಳಜೇಬಿಗೆ ಹಾಕಿ. ಓವರ್‌ಗ್ರಿಪ್ ಎಷ್ಟು ಸುತ್ತಿದ್ದೀರಿ ಅನ್ನುವುದನ್ನೂ ಬರೆಯಿರಿ. ನಾನು ಅದೊಂದನ್ನು ಬರೆದಿಟ್ಟುಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.